ಪದ ಬೇಕು: ಪೋಕರ್‌ನಲ್ಲಿ ಎದುರಾಳಿ ಬಗ್ಗೆ ಬರೆಯುವ 'ನೋಟ್' (ನಾಳೆ ಸಂಜೆಯೊಳಗೆ)

ರಿಂಗ್ ರೋಡ್ ಅನುವಾದಕ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ಸ್ವಲ್ಪ ಅವಸರ. ಪೋಕರ್ ಆಪ್ ಒಂದರ ಕನ್ನಡ ಸಾಲುಗಳನ್ನು ನಾಳೆ ಸಂಜೆ ಆರಕ್ಕೆ ಕೊಡಬೇಕು. ದುಡ್ಡಿನ ಆಟ ಅಲ್ಲ, ಬಿಟ್ಟಿ ಚಿಪ್ಸ್ ಇಟ್ಟುಕೊಂಡು ಸುಮ್ನೆ ಆಡುವುದು. ನಾನೂರು ಚಿಲ್ಲರೆ ಸಾಲು ಮುಗಿದಿವೆ. ಸಿಕ್ಕಿಹಾಕಿಕೊಂಡಿರುವುದು ಒಂದೇ ಒಂದು ಬಟನ್ ಹತ್ತಿರ.

ಆಡದವರಿಗಾಗಿ ಹೇಳುತ್ತೇನೆ. ಆನ್‌ಲೈನ್ ಮೇಜಿನಲ್ಲಿ ಎದುರಿಗಿರುವವನ ಮುಖ ಕಾಣುವುದಿಲ್ಲ. ಒಂದು ಅಡ್ಡಹೆಸರು, ಒಂದು ಚಿತ್ರ, ಅಷ್ಟೇ. ಕೈ ನಡುಗುತ್ತಿದೆಯೋ, ನಗುತ್ತಿದ್ದಾನೋ ಒಂದೂ ಗೊತ್ತಾಗಲ್ಲ. ಹಾಗಾಗಿ ಅವನು ಆಡಿದ ರೀತಿ ನೋಡಿ ಬರೆದಿಟ್ಟುಕೊಳ್ಳುತ್ತಾರೆ. ಚಿತ್ರದ ಮೇಲೆ ಒತ್ತಿದರೆ ಸಣ್ಣ ಪೆಟ್ಟಿಗೆ ತೆರೆಯುತ್ತದೆ, ಎರಡು ಸಾಲು ಬರೆದು ಪಕ್ಕದಲ್ಲಿ ಒಂದು ಬಣ್ಣ ಹಚ್ಚಬಹುದು. ಮುಂದಿನ ವಾರ ಅದೇ ಹೆಸರು ಮೇಜಿಗೆ ಬಂದರೆ ಬರೆದಿಟ್ಟದ್ದು ಅಲ್ಲೇ ಇರುತ್ತದೆ. ನಮಗೆ ಮಾತ್ರ ಕಾಣುತ್ತದೆ, ಅವನಿಗೆ ಕಾಣುವುದಿಲ್ಲ. ಇದು ಮುಖ್ಯ.

ನನ್ನವೇ ಮೂರು ಕೊಡುತ್ತೇನೆ, ಬರೆದಿದ್ದು ಬರೆದ ಹಾಗೆ (ಕೈ ಅಂದರೆ ಒಂದು ಆಟ, ಕಾಲ್ ಅಂದರೆ ಎದುರಿನವನು ಕಟ್ಟಿದಷ್ಟೇ ಕಟ್ಟುವುದು, ರೇಸ್ ಅಂದರೆ ಅದಕ್ಕಿಂತ ಜಾಸ್ತಿ ಕಟ್ಟುವುದು, ಬ್ಲಫ್ ಅಂದರೆ ಒಳ್ಳೇ ಎಲೆ ಇಲ್ಲದಿದ್ದರೂ ಇದ್ದ ಹಾಗೆ ಕಟ್ಟುವುದು):

"ಕೊನೇ ಎಲೆ ಬಿದ್ದ ಮೇಲೆ ಜಾಸ್ತಿ ಕಟ್ಟಿದ್ರೆ ನಿಜವಾಗ್ಲೂ ಎಲೆ ಇದೆ. ಎರಡು ಸಲ ನೋಡ್ದೆ."

"ಏಳರ ಜೋಡಿ ಇಟ್ಕೊಂಡು ಮೂರು ಸುತ್ತೂ ಕಾಲ್ ಮಾಡಿದ. ಇವನ ಹತ್ರ ಬ್ಲಫ್ ಬೇಡ."

"ದೊಡ್ಡ ಕೈ ಸೋತ್ರೆ ಮುಂದಿನ ಎರಡು ಕೈ ಎಲೆ ನೋಡದೇನೇ ರೇಸ್ ಮಾಡ್ತಾನೆ. ಕಾದು ಹೊಡೀಬೇಕು."

ಕಂಪನಿಯವರು ಯಂತ್ರದಲ್ಲಿ ಹಾಕಿ ತೆಗೆದ ಕನ್ನಡ 'ನೋಟು ಸೇರಿಸಿ'. ಆಫೀಸಿನ ಕೆಳಗಿನ ದರ್ಶಿನಿಯ ಕ್ಯಾಷಿಯರಿಗೆ ತೋರಿಸಿದೆ. "ಎಷ್ಟು ಹಾಕ್ಬೇಕು ಸಾರ್? ಫೋನ್‌ಪೇ ಆಗುತ್ತಾ?" ಅಂತ ಕೇಳಿದ.

ಇನ್ನೊಂದು ಕಷ್ಟ. ಬಟನ್‌ನಲ್ಲಿ 12 ಅಕ್ಷರ ಮಾತ್ರ ಹಿಡಿಯುತ್ತದೆ, ಅವರ ತಂತ್ರಾಂಶ ಒತ್ತು, ಗುಣಿತ, ಖಾಲಿ ಜಾಗ ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. ದಯವಿಟ್ಟು ಬೇಗ ಹೇಳಿ.

ಚಾಮರಾಜಪೇಟೆ ಮೇಷ್ಟ್ರು ಬರೆದದ್ದು:

ಟಿಪ್ಪಣಿ. ಇದಕ್ಕೂ ಚರ್ಚೆ ಬೇಕೇ?

ರಿಂಗ್ ರೋಡ್ ಅನುವಾದಕ:

ಸರ್, ನಾನೂ ಮೊದಲು ಅದನ್ನೇ ಹಾಕಿದ್ದೆ. 'ಟಿಪ್ಪಣಿ ಸೇರಿಸಿ' ಅಂದರೆ 14 ಆಗುತ್ತದೆ, ಹಿಡಿಯಲ್ಲ. ಅದು ಹೋಗಲಿ. ಟಿಪ್ಪಣಿ ಅಂದರೆ ಈಗ ಜನಕ್ಕೆ 'ಟೀಕೆ ಟಿಪ್ಪಣಿ' ನೆನಪಾಗುತ್ತದೆ, ಪೋಸ್ಟಿನ ಕೆಳಗೆ ಎಲ್ಲರಿಗೂ ಕಾಣುವ ಹಾಗೆ ಬರೆಯುವಂಥದ್ದು. ಆಫೀಸಿನಲ್ಲಿ ಇಬ್ಬರು ಹುಡುಗರಿಗೆ ತೋರಿಸಿದರೆ ಇಬ್ಬರೂ ಕೇಳಿದ್ದು ಒಂದೇ: "ನಾನು ಬರೆದಿದ್ದು ಅವನಿಗೆ ಕಾಣುತ್ತಾ?" ಆ ಅನುಮಾನ ಬಂದರೆ ಯಾರೂ ಬರೆಯುವುದೇ ಇಲ್ಲ.

ಅಚ್ಚಗನ್ನಡದವನು ಬರೆದದ್ದು:

ಟಿಪ್ಪಣಿ ಸಕ್ಕದ, ಅಂದರೆ ಸಂಸ್ಕೃತ. ನಮ್ಮಲ್ಲೇ ಪದ ಇರುವಾಗ ಕಡ ಯಾಕೆ? 'ಕುರಿಪು' ಬಳಸಿ. ಹಳಗನ್ನಡದಲ್ಲಿ ಕುಱಿಪು, ಕುಱುಪು ಎರಡೂ ಇವೆ, ಗುರುತು, ಕುರುಹು, ಗುರಿ ಎಲ್ಲ ಅದೇ ಬೇರಿನವು. ತಮಿಳರು ಇವತ್ತಿಗೂ ನೋಟ್‌ಗೆ ಕುರಿಪ್ಪು ಅಂತಲೇ ಅನ್ನುವುದು. ಅವರು ಉಳಿಸಿಕೊಂಡರು, ನಾವು ಱ ಅನ್ನುವ ಹಳೇ ಅಕ್ಷರವನ್ನೂ ಕಳೆದುಕೊಂಡೆವು, ಪದವನ್ನೂ ಕಳೆದುಕೊಂಡೆವು. 'ಎದುರಾಳಿ' ಅನ್ನುವ ಪದ ಸರಿ ಇದೆ, ಅದನ್ನು ಮುಟ್ಟಬೇಡಿ. 'ಆಪ್'ಗೆ ಏನು ಹಾಕಿದ್ದೀರಿ?

ಹೆಬ್ಬಾಳದ ಹುಡುಗ:

ಗುರುಗಳೇ, ಪೋಕರ್‌ನಲ್ಲಿ ಸುಲಭವಾಗಿ ದುಡ್ಡು ಕಳೆಯುವವನನ್ನು ಇಂಗ್ಲಿಷಿನವರು ಮೀನು ಅಂತಾರೆ. ನಾವು ಅಂಥವನನ್ನು ಕುರಿ ಅಂತೀವಿ, ಬಕ್ರಾ ಅಂತೀವಿ. ಅವನ ಚಿತ್ರ ಒತ್ತಿದರೆ 'ಕುರಿಪು' ಅಂತ ಬಂದರೆ ಆಪೇ ಅವನನ್ನು ಕುರಿ ಅಂತ ಕರೆದ ಹಾಗಾಯ್ತು. 😂

ನನ್ನ ಸಲಹೆ 'ಜಾತಕ'. "ಅವನ ಜಾತಕ ಎಲ್ಲ ನನ್ನ ಹತ್ರ ಇದೆ" ಅಂತೀವಲ್ವಾ? ಅದೇ ತಾನೇ ಇದು.

ಅಚ್ಚಗನ್ನಡದವನು:

ಜಾತಕವೂ ಸಕ್ಕದ. ನಗುವುದು ಸುಲಭ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ಪದಕೋಶವನ್ನು ಒಂದು ಸಲ ತೆರೆದು ನೋಡಿ, ಆಮೇಲೆ ನಗಿ.

ಹಳೇ ದಫ್ತರದಮ್ಮ ಬರೆದದ್ದು:

ನಾನು ಕಂದಾಯ ಇಲಾಖೆಯಲ್ಲಿ ಗುಮಾಸ್ತೆಯಾಗಿ ಸೇರಿ ಶಿರಸ್ತೇದಾರಳಾಗಿ ನಿವೃತ್ತಿಯಾದವಳು, ಕಾರ್ಡ್ ಆಟ ಗೊತ್ತಿಲ್ಲ. ಆದರೆ ನೀವು ಹೇಳುವ ವಸ್ತು ನಮ್ಮ ಪ್ರತಿಯೊಂದು ರಿಜಿಸ್ಟರಿನಲ್ಲೂ ಇತ್ತು. ಬಲಗಡೆ ಕಟ್ಟಕಡೆಯ ಕಾಲಂ, ಮೇಲೆ 'ಷರಾ' ಅಂತ ಅಚ್ಚಾಗಿರುತ್ತದೆ. ಹೆಸರಿನ ಮುಂದೆ ಎರಡೇ ಮಾತು ಬರೆಯುವ ಜಾಗ. "ಎರಡು ಸಲ ನೋಟಿಸು ಕೊಟ್ಟರೂ ಹಾಜರಾಗಿಲ್ಲ." "ಅರ್ಜಿ ಇದೆ, ಸಹಿ ಇಲ್ಲ." ಆ ಮನುಷ್ಯ ಕೌಂಟರಿನ ಆಚೆ ನಿಂತಿರುತ್ತಾನೆ, ಅವನಿಗೆ ಕಾಣುವುದಿಲ್ಲ. ಮುಂದೆ ಬರುವ ಗುಮಾಸ್ತ ಅದನ್ನು ಓದಿಕೊಂಡೇ ಮಾತಾಡಿಸುವುದು. ನಿಮ್ಮ ಏಳರ ಜೋಡಿಯ ಸಾಲು ಓದಿದ ಕೂಡಲೇ ನನಗೆ ಅನ್ನಿಸಿದ್ದು ಇದು ಷರಾ ಅಂತ.

'ಷರಾ ಬರೆಯಿರಿ', ಎಣಿಸಿ ನೋಡಿ, ನಿಮ್ಮ ಲೆಕ್ಕದಲ್ಲಿ 11.

ರಿಂಗ್ ರೋಡ್ ಅನುವಾದಕ:

ಅಮ್ಮಾ, ಇದು ಚೆನ್ನಾಗಿದೆ. ನಿಜವಾಗಲೂ ಚೆನ್ನಾಗಿದೆ. ಆದರೆ ಇಪ್ಪತ್ತೈದರ ಒಳಗಿನವರಿಗೆ ಗೊತ್ತಿರುತ್ತದಾ ಅಂತ ಯೋಚನೆ. ಪಕ್ಕದ ಸೀಟಿನವಳಿಗೆ ಕೇಳಿದೆ, "ಶರಾಬಾ?" ಅಂದಳು.

ಅಚ್ಚಗನ್ನಡದವನು:

ಷರಾ ಮರಾಟಿಯಿಂದ ಬಂದದ್ದು, ಅದರ ಹಿಂದೆ ಪಾರ್ಸಿ, ಅರಬ್ಬಿ. ಸಕ್ಕದ ಬಿಟ್ಟು ಅಲ್ಲಿಗೆ ಹೋಗುವುದಾದರೆ ನೋಟ್ ಅಂತಲೇ ಇಟ್ಟುಕೊಳ್ಳಿ. ನಿಮ್ಮ ದಫ್ತರದ ಕನ್ನಡ ಕನ್ನಡವೇ ಅಲ್ಲ, ಬರೀ ಕಾಗದದ ಮೇಲಿನ ಬಾಸೆ.

ಹಳೇ ದಫ್ತರದಮ್ಮ:

'ಕಾಗದ' ಪಾರ್ಸಿ ಪದ, ಸ್ವಾಮಿ.

ಚಾಮರಾಜಪೇಟೆ ಮೇಷ್ಟ್ರು:

'ಭಾಷೆ'ಯನ್ನು 'ಬಾಸೆ' ಮಾಡಿದರೆ ಅದು ಅಚ್ಚಗನ್ನಡ ಆಗುವುದಿಲ್ಲ. ಮಹಾಪ್ರಾಣ ಕಿತ್ತ ಸಂಸ್ಕೃತ ಆಗುತ್ತದೆ, ಅಷ್ಟೇ.

ಅಚ್ಚಗನ್ನಡದವನು:

ತದ್ಭವವನ್ನು ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ಒಪ್ಪಿದ್ದಾನೆ. ನಮ್ಮ ಬಾಯಿಗೆ ಒಗ್ಗಿದ ಮೇಲೆ ಅದು ನಮ್ಮದು.

ಚಾಮರಾಜಪೇಟೆ ಮೇಷ್ಟ್ರು:

ಹಾಗಾದರೆ 'ಟಿಪ್ಪಣಿ' ಯಾರ ಬಾಯಿಗೆ ಒಗ್ಗಿಲ್ಲ? ಅದರಲ್ಲಿ ಮಹಾಪ್ರಾಣವೂ ಇಲ್ಲ!

ಬಸವನಗುಡಿ ಓದುಗ ಬರೆದದ್ದು:

ಎಲ್ಲರೂ ವಿದ್ವಾಂಸರು, ಒಪ್ಪಿದೆ. ಆದರೆ ಜೂಜಿಗೆ ಪದ ಹುಡುಕಿಕೊಡುವುದು ಈ ಬಳಗದ ಕೆಲಸವೇ? ಎಷ್ಟು ಮನೆ ಹಾಳಾಗಿವೆ ಗೊತ್ತೇ? ಈ ಪದಕ್ಕೆ ಕನ್ನಡ ಇಲ್ಲದಿದ್ದರೆ ನಷ್ಟವೇನೂ ಇಲ್ಲ.

ರಿಂಗ್ ರೋಡ್ ಅನುವಾದಕ:

ಸರ್, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಕೇಂದ್ರದ ಕಾಯಿದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದಕ್ಕೂ ಮುಂಚೆ ನಮ್ಮ ರಾಜ್ಯವೇ 2021ರಲ್ಲಿ ಪೊಲೀಸ್ ಕಾಯಿದೆ ತಿದ್ದಿ ನಿಷೇಧ ತಂದಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿ ನಿಲ್ಲುವುದಿಲ್ಲ ಅಂತ ಹೇಳಿತು. ಈಗ ನಾನು ಮಾಡುತ್ತಿರುವ ಆಪಿನಲ್ಲಿ ಒಂದು ಪೈಸೆ ಹಾಕುವಂತೆಯೂ ಇಲ್ಲ, ತೆಗೆಯುವಂತೆಯೂ ಇಲ್ಲ. ಅದಕ್ಕೇ 'ನೋಟು ಸೇರಿಸಿ' ಅನ್ನುವುದು ನನಗೆ ಬರೀ ತಮಾಷೆ ಅಲ್ಲ. ಆ ಬಟನ್ ನೋಡಿ ಯಾರಾದರೂ ದುಡ್ಡು ಹಾಕುವ ಜಾಗ ಅಂದುಕೊಂಡರೆ ಕಂಪನಿಗೂ ತಲೆನೋವು, ನನಗೂ ತಲೆನೋವು.

ಅಚ್ಚಗನ್ನಡದವನು:

'ಜೂಜು' ಕೂಡ ದ್ಯೂತದಿಂದ ಬಂದದ್ದು. ಪಂಪನಲ್ಲಿ ಕರ್ಣ, ಭಾನುಮತಿ ಆಡುವುದು 'ನೆತ್ತ'. ಪೋಕರ್‌ಗೆ ನೆತ್ತ ಅನ್ನಬಹುದು.

ಹೆಬ್ಬಾಳದ ಹುಡುಗ:

ನೆತ್ತದಲ್ಲಿ ಎಲೆ ಎಲ್ಲಿತ್ತು ಗುರುಗಳೇ? ಅದು ದಾಳದ ಆಟ. ಹೋಲ್ಡೆಮ್ ಅನ್ನುವ ಪೋಕರ್ ಬಗೆಯಲ್ಲಿ ಕೈಗೆ ಎರಡು ಎಲೆ, ಮೇಜಿನ ಮೇಲೆ ಐದು. ದಾಳವೇ ಇಲ್ಲ.

ಕಳಾವರ್ ಅಭಿಮಾನಿ ಬರೆದದ್ದು:

ಕಡ ಪದದ ವಿಷಯ ಬಂತಲ್ಲ, ಒಂದು ಮಾತು. ಇಸ್ಪೀಟಿನಲ್ಲಿ ನಮ್ಮ ಅಜ್ಜಂದಿರು ಆಠೀನು, ಕಳಾವರು ಅಂತಲೇ ಆಡಿದ್ದು. ಡಚ್ಚರ ಭಾಷೆಯಲ್ಲಿ ಕ್ಲಾವರ್ ಅಂದರೆ ಮೂರೆಲೆಯ ಹುಲ್ಲು, ಹಾರ್ಟನ್ ಅಂದರೆ ಹೃದಯಗಳು. ಕಳಾವರು, ಆಠೀನು ಎರಡೂ ಅಲ್ಲಿಂದಲೇ ಬಂದವು ಅನ್ನುವುದು ನನ್ನ ವಾದ, ಇದನ್ನು ಈ ಬಳಗದಲ್ಲಿ ನಾಲ್ಕನೇ ಸಲ ಬರೆಯುತ್ತಿದ್ದೇನೆ. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಅನ್ನುವ ಹಳೇ ಎಲೆಯಾಟದಲ್ಲಿ ಹೊಸ ಹೊಸ ಆಟಗಳನ್ನೇ ಕಟ್ಟಿದರು, ಆದರೂ ಗಂಜೀಫಾ ಅನ್ನುವ ಹೆಸರು ಪಾರ್ಸಿಯದೇ ಉಳಿಯಿತು. ಅರಸರಿಗೇ ಬೇಡವಾಗಿದ್ದ ಮಡಿ ನಿಮಗೆ ಯಾಕೆ? 'ನೋಟ್ಸ್' ಅಂತಲೇ ಬಿಡಿ. ಪಿಯುಸಿ ಮಕ್ಕಳು ನೋಟ್ಸ್ ಅಂತಾರೆ, ಅವರ ತಾಯಂದಿರೂ ನೋಟ್ಸ್ ಅಂತಾರೆ. ಜಂಗಮವಾಣಿ ಎಲ್ಲಿ ಹೋಯ್ತು? ಎಲ್ಲರೂ ಮೊಬೈಲ್ ಅಂದರು, ಮುಗೀತು.

ಅಚ್ಚಗನ್ನಡದವನು:

ಸೋತವರ ಮಾತು.

ಕಳಾವರ್ ಅಭಿಮಾನಿ:

ಮೊದಲು ನೀವು ಬಳಸುವ 'ಪದ' ಎಲ್ಲಿಯದು ನೋಡಿಕೊಳ್ಳಿ, ಆಮೇಲೆ ಸೋಲು ಗೆಲುವು.

ಶಿವಮೊಗ್ಗ ಬಿಟ್ಟು ವಿಜಯನಗರ ಸೇರಿದವಳು ಬರೆದದ್ದು:

ನಿನ್ನೆಯಿಂದ ಓದ್ತಾ ಇದ್ದೀನಿ, ಸುಮ್ಮನಿರಕ್ಕೆ ಆಗ್ತಿಲ್ಲ. ಎಲ್ಲರೂ ನಾಮಪದ ಹುಡುಕುತ್ತಿದ್ದೀರಿ. ಕೇಳಿದವರು ತಮ್ಮ ಮೊದಲ ಇಮೇಲಿನಲ್ಲೇ ಪದ ಬರೆದುಬಿಟ್ಟಿದ್ದಾರೆ, ಅವರಿಗೇ ಗೊತ್ತಾಗಿಲ್ಲ. "ಬರೆದಿಟ್ಟುಕೊಳ್ಳುತ್ತಾರೆ."

ನಮ್ಮ ಮನೆಯಲ್ಲಿ ಅಡುಗೆಮನೆ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ಇದೆ. ಹಾಲಿನವನು ಬರದ ದಿನ ಅಮ್ಮ ಅದರ ಮೇಲೆ ಪೆನ್ಸಿಲಿನಲ್ಲಿ ಒಂದು ಗೀಟು ಎಳೀತಾರೆ. ಒಂದೊಂದು ಸಲ "ನೀರು ಜಾಸ್ತಿ" ಅಂತ. ತಿಂಗಳ ಕೊನೆಗೆ ಅವನು ಲೆಕ್ಕ ಹೇಳಿದಾಗ ಅಮ್ಮ ಒಳಗೆ ಹೋಗಿ ಕ್ಯಾಲೆಂಡರ್ ನೋಡಿಕೊಂಡು ಬರ್ತಾರೆ. ಅವನಿಗೆ ಆ ಕ್ಯಾಲೆಂಡರ್ ಇದೆ ಅನ್ನೋದೇ ಗೊತ್ತಿಲ್ಲ. ಏನಮ್ಮ ಮಾಡ್ತಿದ್ದೀಯ ಅಂದರೆ "ಬರೆದಿಟ್ಕೊಂಡಿದೀನಿ" ಅಂತಾರೆ. ಟಿಪ್ಪಣಿ ಮಾಡಿದೆ ಅನ್ನಲ್ಲ.

ಇದರಲ್ಲಿ ನಿಮಗೆ ಬೇಕಾದ್ದೆಲ್ಲ ಇದೆ. 'ಇಡು' ಬಂದಿದ್ದರಿಂದ ಮುಂದಕ್ಕೆ ಬೇಕು ಅನ್ನುವುದು ಬಂತು. 'ಕೊಳ್ಳು' ಬಂದಿದ್ದರಿಂದ ತನಗೋಸ್ಕರ ಅನ್ನುವುದು ಬಂತು. ಬರೆದುಕೊಟ್ಟರೆ ಇನ್ನೊಬ್ಬರಿಗೆ, ಬರೆದಿಟ್ಟುಕೊಂಡರೆ ನಮಗೆ. ಅವನಿಗೆ ಕಾಣುತ್ತಾ ಅಂತ ಯಾರೂ ಕೇಳಲ್ಲ.

ರಿಂಗ್ ರೋಡ್ ಅನುವಾದಕ:

ಮೇಡಂ, ನಿಮ್ಮ ಅಮ್ಮನಿಗೆ ನಮಸ್ಕಾರ ಹೇಳಿ. ಆದರೆ 'ಬರೆದಿಟ್ಟುಕೊಳ್ಳಿ' 15. ಹಿಡಿಯಲ್ಲ. 'ಬರೆದುಕೊಳ್ಳಿ' 11, ಹಿಡಿಯುತ್ತೆ, ಆದರೆ ಕ್ಲಾಸಿನಲ್ಲಿ ಮೇಷ್ಟ್ರು ಹೇಳಿದ್ದನ್ನು ಬರೆದುಕೊಂಡ ಹಾಗಿದೆ. ಉಳಿದದ್ದು 'ಬರೆದಿಡಿ', 7. 'ಕೊಳ್ಳು' ಹೋದರೂ 'ಇಡು' ಉಳಿಯಿತು. ದರ್ಶಿನಿಗೆ ಹೋಗಿ ಅದೇ ಕ್ಯಾಷಿಯರಿಗೆ ತೋರಿಸಿದೆ. "ಏನ್ ಬರೆದಿಡ್ಬೇಕು?" ಅಂದ. "ಎದುರಿಗಿರೋನು ಹೇಗೆ ಆಡ್ತಾನೆ ಅಂತ" ಅಂದೆ. "ಓ, ಸಾಲದ ಬುಕ್ ಥರ" ಅಂತ ಡ್ರಾಯರ್ ಎಳೆದು ಒಂದು ನೂರು ಪೇಜಿನ ನೋಟ್‌ಬುಕ್ ತೋರಿಸಿದ. ಹೆಸರುಗಳ ಮುಂದೆ "ನಾಳೆ ಅಂತಾನೆ", "ಕೊಡ್ತಾನೆ, ಲೇಟು" ಅಂತೆಲ್ಲ ಇತ್ತು. ಒಂದು ಹೆಸರಿನ ಸುತ್ತ ಕೆಂಪು ಇಂಕಿನ ಗೀಟು. ಬಣ್ಣ ಹಚ್ಚುವುದೂ ಇದೆ ನೋಡಿ.

ಅಚ್ಚಗನ್ನಡದವನು:

ಬರೆ, ಇಡು, ಎರಡೂ ಅಚ್ಚಗನ್ನಡ. ನಾನು ಮೊದಲಿನಿಂದ ಹೇಳುತ್ತಿದ್ದುದೂ ಇದನ್ನೇ.

ಹೆಬ್ಬಾಳದ ಹುಡುಗ:

ಗುರುಗಳೇ, ನೀವು ಹೇಳಿದ್ದು ಕುರಿಪು.

ಚಾಮರಾಜಪೇಟೆ ಮೇಷ್ಟ್ರು:

ಬಟನ್‌ಗೆ ಕ್ರಿಯಾಪದ ನಡೆಯುತ್ತದೆ, ಒಪ್ಪೋಣ. ಪಟ್ಟಿಯ ಮೇಲೆ ಏನು ಹಾಕುತ್ತೀರಿ? ಮೂರು ಇದ್ದರೆ '3 ಬರೆದಿಟ್ಟವು' ಅನ್ನುತ್ತೀರಾ? ಎಣಿಸಲು ನಾಮಪದ ಬೇಕೇ ಬೇಕು. ಟಿಪ್ಪಣಿಗೇ ಬರುತ್ತೀರಿ, ನೋಡುತ್ತಿರಿ.

ಹಳೇ ದಫ್ತರದಮ್ಮ:

'3 ಸಾಲು'.

ರಿಂಗ್ ರೋಡ್ ಅನುವಾದಕ:

ಕಳಿಸಿಬಿಟ್ಟೆ, ಆರಕ್ಕೆ ಐದು ನಿಮಿಷ ಇತ್ತು. ಬಟನ್‌ಗೆ 'ಬರೆದಿಡಿ'. ಪಟ್ಟಿಯ ಮೇಲೆ 'ನೀವು ಬರೆದಿಟ್ಟ ಸಾಲುಗಳು'. ಎಣಿಕೆಗೆ '3 ಸಾಲು'. ಖಾಲಿ ಇದ್ದರೆ 'ಇವರ ಬಗ್ಗೆ ಇನ್ನೂ ಏನೂ ಬರೆದಿಟ್ಟಿಲ್ಲ'. ಬಣ್ಣಕ್ಕೆ 'ಗುರುತು', ಅಷ್ಟರ ಮಟ್ಟಿಗೆ ಕುಱಿಪಿನ ಮನೆಯವರೂ ಒಬ್ಬರು ಒಳಗೆ ಬಂದರು. ಕೆಳಗೆ ಸಣ್ಣ ಅಕ್ಷರದಲ್ಲಿ 'ನಿಮಗೆ ಮಾತ್ರ ಕಾಣುತ್ತದೆ' ಅಂತಲೂ ಸೇರಿಸಿದೆ, ಅಲ್ಲಿ ಜಾಗ ಇತ್ತು.

ಬಸವನಗುಡಿ ಓದುಗ:

ಕುತೂಹಲಕ್ಕೆ ಕೇಳುತ್ತೇನೆ, ಎಲೆ ಚೆನ್ನಾಗಿಲ್ಲ ಅಂತ ಆ ಕೈಯನ್ನು ಬಿಟ್ಟುಬಿಡುವುದಕ್ಕೆ ಏನು ಹಾಕಿದ್ದೀರಿ? ನಮ್ಮ ಕಡೆ ಮೂರೆಲೆ ಆಟದಲ್ಲಿ ಒಂದು ಮಾತಿತ್ತು.

ಶಿವಮೊಗ್ಗ ಬಿಟ್ಟು ವಿಜಯನಗರ ಸೇರಿದವಳು:

'ಕೈಚೆಲ್ಲು'! ಕೈಯೂ ಇದೆ, ಚೆಲ್ಲುವುದೂ ಇದೆ.

ರಿಂಗ್ ರೋಡ್ ಅನುವಾದಕ:

ಅಯ್ಯೋ, ಇದು ನಿನ್ನೆ ಹೇಳಬಾರದಿತ್ತಾ ಮೇಡಂ. 'ಪ್ಯಾಕ್' ಅಂತ ಹಾಕಿ ಕಳಿಸಿಬಿಟ್ಟೆ.

ಅಚ್ಚಗನ್ನಡದವನು:

'ಪ್ಯಾಕ್' ಯಾವ ಬಾಸೆ?