ಕಾರ್ಬನ್ ಲೆಕ್ಕದ ವೆಬ್ ಆ್ಯಪ್: ಮನೆ ಕರೆಂಟ್ ಹಾಕಿದರೆ ಸರಿ, ಹೊಲದ್ದು ಹಾಕಿದರೆ ನ್ಯಾನ್!

ಸಿಂಧನೂರು_ಕೀಬೋರ್ಡ್:
ಯಾರಾದ್ರೂ ಪುಣ್ಯ ಕಟ್ಟಿಕೊಳ್ಳಿ. ಗಿಟ್‌ಹಬ್‌ನಲ್ಲಿ ಸಿಕ್ಕ ಒಂದು ಕಾರ್ಬನ್ ಫುಟ್‌ಪ್ರಿಂಟ್ ಆ್ಯಪ್ ಫೋರ್ಕ್ ಮಾಡಿಕೊಂಡಿದ್ದೇನೆ (ನನ್ನದೇ ಒಂದು ಪ್ರತಿ). ಕ್ಲೋನ್ ಆಯ್ತು, ಎನ್‌ಪಿಎಂ ಇನ್‌ಸ್ಟಾಲ್ ಆಯ್ತು, ಎನ್ವ್ ಫೈಲ್ ಇಟ್ಟೆ. ಸರ್ವರ್ ಪೋರ್ಟ್ 5000ಕ್ಕೆ, ಪೇಜು 5173ಕ್ಕೆ ಏಳುತ್ತೆ. ಮನೆಯದು 180 ಯೂನಿಟ್ ಹಾಕಿದರೆ 127.8 ಕೆಜಿ ಇಂಗಾಲದ ಡೈಆಕ್ಸೈಡ್ ಅಂತ ತೋರಿಸುತ್ತೆ. ಮಾವನ ಹೊಲದ ಪಂಪ್‌ಸೆಟ್ ಹಾಕಿದರೆ "ನ್ಯಾನ್ ಕೆಜಿ" (ಸಂಖ್ಯೆಯೇ ಅಲ್ಲ ಅಂತ)! ಕನ್ಸೋಲ್‌ನಲ್ಲಿ ಒಂದು ಕೆಂಪು ಸಾಲೂ ಇಲ್ಲ. ನಾನು ಏನೂ ಮುಟ್ಟಿಲ್ಲ, ಇದ್ದದ್ದು ಇದ್ದ ಹಾಗೇ ಇದೆ. ಸೋಮವಾರದೊಳಗೆ ಮೂಲ ಪ್ರಾಜೆಕ್ಟಿಗೆ ಪುಲ್ ರಿಕ್ವೆಸ್ಟ್ (ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ಕಳಿಸಬೇಕು, ತಲೆ ಕೆಟ್ಟು ಹೋಗಿದೆ.

ಕೋಟೆ_ಟರ್ಮಿನಲ್:
ನೋಡ್ (ಜಾವಾಸ್ಕ್ರಿಪ್ಟ್ ಓಡಿಸೋದು) ಯಾವ ವರ್ಷನ್?

ಸಿಂಧನೂರು_ಕೀಬೋರ್ಡ್:
22.

ಕೋಟೆ_ಟರ್ಮಿನಲ್:
ಅಲ್ಲೇ ಇದೆ ನೋಡಿ. ಇಂಥ ಪ್ರಾಜೆಕ್ಟ್‌ಗಳೆಲ್ಲಾ 16ರ ಕಾಲದವು. ಎನ್‌ವಿಎಂ (ನೋಡ್ ವರ್ಷನ್ ಬದಲಿಸೋ ಟೂಲ್) ಹಾಕಿಕೊಂಡು 16ಕ್ಕೆ ಇಳಿಯಿರಿ. ನೋಡ್ ಮಾಡ್ಯೂಲ್ಸ್ ಫೋಲ್ಡರ್, ಪ್ಯಾಕೇಜ್ ವರ್ಷನ್ ಬರೆದಿಡೋ ಲಾಕ್ ಫೈಲ್ ಎರಡನ್ನೂ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿ. ಬಳ್ಳಾರಿಯಲ್ಲಿ ನಮ್ಮ ಹಳೇ ಆ್ಯಪ್‌ಗೂ ಇದೇ ಮದ್ದು ಹಾಕಿದ್ದು.

ಗಂಗಾವತಿ_ಗದ್ದೆ:
ಪಂಪ್‌ಸೆಟ್‌ಗೆ ಮೀಟರೇ ಇರೋದಿಲ್ವಲ್ಲ, ಯೂನಿಟ್ ಎಲ್ಲಿಂದ ತಂದಿರಿ?

ಸಿಂಧನೂರು_ಕೀಬೋರ್ಡ್:
5 ಎಚ್‌ಪಿ ಮೋಟಾರ್ ಅಣ್ಣಾ. 0.746ರಿಂದ ಗುಣಿಸಿದರೆ 3.73 ಕಿಲೋವಾಟ್. ತ್ರೀ ಫೇಸ್ ದಿನಕ್ಕೆ 7 ತಾಸು ಅಂತ ಹಿಡಿದರೆ 26 ಯೂನಿಟ್. ನೀರು ಬಿಟ್ಟ ದಿನ ಎಲ್ಲಾ ಕೂಡಿಸಿ 1200 ಹಾಕಿದೆ. ಅದು ಬಿಡಿ, ನ್ಯಾನ್ ಕಥೆ ಹೇಳಿ.

ಗಂಗಾವತಿ_ಗದ್ದೆ:
ಬಿಡೋಕೆ ಆಗಲ್ಲ. ಎಚ್‌ಪಿ ಅಂದರೆ ಮೋಟಾರ್ ಹೊರಗೆ ಕೊಡೋ ಶಕ್ತಿ. ಒಳಗೆ ಎಳೆಯೋದು ಅದಕ್ಕಿಂತ ಜಾಸ್ತಿ. ಸುಟ್ಟು ರಿವೈಂಡಿಂಗ್ ಮಾಡಿಸಿದ ಮೋಟಾರ್ ಆದರೆ ಕೇಳೋದೇ ಬೇಡ.

ಶಕ್ತಿನಗರ_ಸೋಲಾರ್:
180ಕ್ಕೆ 127.8 ಅಂದರೆ ಯೂನಿಟ್‌ಗೆ 0.71 ಹಿಡಿದಿದ್ದಾರೆ. ಅದೇ ತಪ್ಪು. ನಮ್ಮ ಕಡೆ ಎಲ್ಲಾ ಕಲ್ಲಿದ್ದಲು ಕರೆಂಟ್. ಶಕ್ತಿನಗರದಲ್ಲಿ 1720 ಮೆಗಾವಾಟ್, ಯರಮರಸ್‌ನಲ್ಲಿ 1600, ಆ ಕಡೆ ಕುಡತಿನಿಯಲ್ಲಿ 1700. ಹತ್ತಿರ ಹತ್ತಿರ ಒಂದು ಕೆಜಿ ಹಿಡೀಬೇಕು.

ಮುನಿರಾಬಾದ್_ಮರ್ಜ್:
ಹಾಗಾದರೆ ಡ್ಯಾಮಿನ ಕೆಳಗೆ ನೀರಿನ ಕರೆಂಟ್ ಪಕ್ಕದಲ್ಲಿರೋ ನಮಗೆ ಸೊನ್ನೆ ಹಿಡೀತೀರಾ ಸರ್? ರಾಯಚೂರು-ಸೊಲ್ಲಾಪುರ 765 ಕೆವಿ ಲೈನ್ 2013ರ ಡಿಸೆಂಬರ್ 31ಕ್ಕೆ ಜೋಡಿಸಿದ ಮೇಲೆ ದಕ್ಷಿಣದ ಗ್ರಿಡ್ ಬೇರೆ ಉಳಿದಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರ ಇಡೀ ದೇಶಕ್ಕೆ ಒಂದು ಸರಾಸರಿ ಕೊಡುತ್ತೆ, ಈಚೆಗೆ ಅದು 0.71ರಿಂದ 0.73ರ ಆಸುಪಾಸು. ಕೆಲವು ಆ್ಯಪ್‌ಗಳಲ್ಲಿ ಇನ್ನೂ ಹಳೇ 0.82 ಕೂತಿದೆ. ಇದರಲ್ಲಿ ಅದಿಲ್ಲ ಅನ್ನೋದೇ ಸಮಾಧಾನ.

ಸಿಂಧನೂರು_ಕೀಬೋರ್ಡ್:
ಕೋಟೆ ಅಣ್ಣಾ, 16ಕ್ಕೆ ಇಳಿದೆ. ಈಗ ಪೇಜೇ ಏಳ್ತಿಲ್ಲ. ಪೇಜು ಏಳಿಸೋ ವೀಟ್ 5ಕ್ಕೆ ನೋಡ್ 18 ಆದರೂ ಬೇಕಂತೆ.

ಕೋಟೆ_ಟರ್ಮಿನಲ್:
ವೀಟನ್ನೂ ಇಳಿಸಿ.

ಲಿಂಗಸುಗೂರು_ಲೂಪ್:
ಇಳಿಸ್ತಾ ಇಳಿಸ್ತಾ ವಿಂಡೋಸ್ ಎಕ್ಸ್‌ಪಿಗೆ ಹೋಗಿ ಮುಟ್ಟುತ್ತೀರಿ. 22ಕ್ಕೇ ವಾಪಸ್ ಬನ್ನಿ. ಲೆಕ್ಕದ ಫೈಲಿನಲ್ಲಿ "ನಂಬರ್" ಅಂತ ಇರೋ ಕಡೆ "ಪಾರ್ಸ್‌ಫ್ಲೋಟ್" ಹಾಕಿ ನೋಡಿ.

ಸಿಂಧನೂರು_ಕೀಬೋರ್ಡ್:
ನ್ಯಾನ್ ಹೋಯ್ತು! ಆದರೆ 1200 ಯೂನಿಟ್‌ಗೆ 0.71 ಕೆಜಿ ತೋರಿಸ್ತಿದೆ. ಇದೇನು ಕರ್ಮ?

ಶಕ್ತಿನಗರ_ಸೋಲಾರ್:
ನೋಡಿದ್ರಾ, ಮತ್ತೆ ಅದೇ 0.71.

ಮುನಿರಾಬಾದ್_ಮರ್ಜ್:
ತಡೀರಿ. 1200 ಹೋಗಿ ಬರೀ 1 ಆಗಿದೆ. ಬಾಕ್ಸ್‌ನಲ್ಲಿ ನಿಮಗೆ ಕಾಣೋದು 1200 ಅಂತನಾ, 1,200 ಅಂತನಾ?

ಸಿಂಧನೂರು_ಕೀಬೋರ್ಡ್:
ಕಾಮಾ ಇದೆ. ಇಡೀ ಆ್ಯಪ್ ಕನ್ನಡಕ್ಕೆ ತರುವಾಗ ಅಂಕಿಗೂ ಕೆಎನ್-ಐಎನ್ (ಕನ್ನಡ-ಭಾರತ) ಕೊಟ್ಟು ಟುಲೊಕೇಲ್‌ಸ್ಟ್ರಿಂಗ್ ಹಾಕಿದೆ. ಕಾಮಾ ಕೂರಲಿ ಅಂತ ಬಾಕ್ಸ್‌ನ ಟೈಪನ್ನು ನಂಬರ್‌ನಿಂದ ಟೆಕ್ಸ್ಟ್‌ಗೆ ಬದಲಿಸಿದೆ. ಅದೆಲ್ಲ ಬರೀ ತೋರಿಸೋದಕ್ಕೆ, ಲೆಕ್ಕಕ್ಕೆ ಕೈ ಹಚ್ಚಿಲ್ಲ.

ಲಿಂಗಸುಗೂರು_ಲೂಪ್:
"ಏನೂ ಮುಟ್ಟಿಲ್ಲ" ಅಂದಿದ್ರಲ್ಲ ರೀ!

ಮುನಿರಾಬಾದ್_ಮರ್ಜ್:
ಸಿಕ್ಕಿತು. 999ರ ತನಕ ಕಾಮಾ ಬರಲ್ಲ, ಅದಕ್ಕೇ ಮನೆ ಕರೆಂಟ್ ಸರಿ ಬರ್ತಿತ್ತು. 1,200 ಆದ ಕೂಡಲೇ ಅದು ಜಾವಾಸ್ಕ್ರಿಪ್ಟ್‌ಗೆ ಸಂಖ್ಯೆಯೇ ಅಲ್ಲ, ನ್ಯಾನ್ ಕೊಡುತ್ತೆ. ಪಾರ್ಸ್‌ಫ್ಲೋಟ್ ಕಾಮಾದ ತನಕ ಓದಿ, 1 ಇಟ್ಟುಕೊಂಡು ಸುಮ್ನಾಗುತ್ತೆ. ಅದನ್ನು ಮೊದಲು ತೆಗೀರಿ. ನ್ಯಾನ್ ಬಂದರೆ ಎಲ್ಲೋ ಕೆಟ್ಟಿದೆ ಅಂತ ಗೊತ್ತಾಗುತ್ತೆ, 0.71 ಬಂದರೆ ಮಾವ ನಂಬಿಬಿಡ್ತಾರೆ.

ಒಳಗೆ ಸ್ಟೇಟ್‌ನಲ್ಲಿ (ಆ್ಯಪ್ ನೆನಪಿಟ್ಟುಕೊಳ್ಳೋ ಕಡೆ) ಯಾವಾಗಲೂ ಬರೀ ಸಂಖ್ಯೆ ಇರಲಿ. ಕಾಮಾ ಹಚ್ಚೋದು ಫಲಿತಾಂಶ ತೋರಿಸುವಾಗ ಮಾತ್ರ. ಬಾಕ್ಸ್ ಟೆಕ್ಸ್ಟ್ ಆಗೇ ಬೇಕು ಅಂದರೆ ಓದುವ ಮೊದಲು ಕಾಮಾ ಕಿತ್ತುಹಾಕಿ. ಇನ್ನೊಂದು ವಿಷಯ: ಟೆಕ್ಸ್ಟ್ ಬಾಕ್ಸ್ ಕೊಟ್ಟ ಮೇಲೆ ಫೋನಿನ ಕನ್ನಡ ಕೀಬೋರ್ಡಿನಿಂದ ೧೨೦೦ ಅಂತ ಹೊಡೆಯೋರೂ ಬರ್ತಾರೆ. ಅದಕ್ಕೂ ನ್ಯಾನ್ ಬರುತ್ತೆ. ಯೂನಿಕೋಡ್‌ನಲ್ಲಿ ೦ಯಿಂದ ೯ರ ತನಕ ಸಾಲಾಗಿ ಇವೆ, ೦ಯ ಕೋಡ್ 3302. ಪ್ರತಿ ಅಂಕಿಯ ಕೋಡ್‌ನಿಂದ 3302 ಕಳೆದರೆ ಮುಗೀತು, ಎರಡು ಸಾಲಿನ ಕೆಲಸ.

ಸಿಂಧನೂರು_ಕೀಬೋರ್ಡ್:
ಬಂತು! 1,200ಕ್ಕೆ 852 ಕೆಜಿ. ೧೨೦೦ ಹಾಕಿದರೂ 852. ಪುಲ್ ರಿಕ್ವೆಸ್ಟ್ ಕಳಿಸಿದೆ.

ಕೋಟೆ_ಟರ್ಮಿನಲ್:
ಆದರೂ 22 ನಂಬೋ ಹಾಗಿಲ್ಲ. ನಾನು 16ರಲ್ಲೇ ಇದ್ದೇನೆ, ಆರಾಮ್ ಇದ್ದೇನೆ.

ಮುನಿರಾಬಾದ್_ಮರ್ಜ್:
ಕೀಬೋರ್ಡ್ ಅವರೇ, ನಿಮ್ಮ ರಿಕ್ವೆಸ್ಟ್‌ನಲ್ಲಿ ಲಾಕ್ ಫೈಲಿನ ಸಾವಿರಾರು ಸಾಲು ಬದಲಾಗಿವೆ. ಕೋಟೆ ಸರ್ ಅಳಿಸಿ ಅಂದಿದ್ದರ ಫಲ. ನಿಮ್ಮ ನಿಜವಾದ ಕೆಲಸ ಅದರಡಿ ಹೂತುಹೋಗಿದೆ, ಯಾರೂ ಓದಲ್ಲ. ಮೂಲ ಮೇನ್ ಬ್ರಾಂಚಿನ ಲಾಕ್ ಫೈಲನ್ನೇ ವಾಪಸ್ ತಂದು ಕಮಿಟ್ ಮಾಡಿ. ಮತ್ತೆ, ಕಾಮಾ ರಿಪೇರಿ ಒಂದು ರಿಕ್ವೆಸ್ಟ್, ಕನ್ನಡ ಅನುವಾದ ಇನ್ನೊಂದು. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ಕೋಟೆ_ಟರ್ಮಿನಲ್:
ಅಳಿಸಿ ಅಂದೆ, ಕಮಿಟ್ ಮಾಡಿ ಅಂದೆನಾ?

ಶಕ್ತಿನಗರ_ಸೋಲಾರ್:
ಇದನ್ನೆಲ್ಲ ಲ್ಯಾಪ್‌ಟಾಪ್‌ನಲ್ಲಿ ಯಾಕೆ ಓಡಿಸ್ತೀರಿ? ನಮ್ಮಲ್ಲಿ ಮಾಳಿಗೆ ಮೇಲೆ 3 ಕಿಲೋವಾಟ್ ಪ್ಯಾನಲ್, ಕೆಳಗೆ 150 ಎಎಚ್ ಟ್ಯೂಬುಲರ್ ಬ್ಯಾಟರಿ, ಅದರ ಮೇಲೆ ರಾಸ್ಪ್‌ಬೆರಿ ಪೈ. ಕರೆಂಟ್ ಹೋದರೂ ಸರ್ವರ್ ಮಲಗಲ್ಲ. ಮೇ ತಿಂಗಳಲ್ಲಿ ಮಾತ್ರ ಫ್ಯಾನ್ ಹಾಕಬೇಕು, ಇಲ್ಲಾಂದ್ರೆ 80 ಡಿಗ್ರಿ ಮುಟ್ಟಿ ತಾನೇ ನಿಧಾನ ಆಗಿಬಿಡುತ್ತೆ.

ಗಂಗಾವತಿ_ಗದ್ದೆ:
ನಿಮ್ಮ ಬ್ಯಾಟರಿ ಇರಲಿ. ಆ್ಯಪ್ ತೆರೆದು ನೋಡಿದೆ. ಕರೆಂಟ್ ಇದೆ, ಡೀಸೆಲ್ ಲೀಟರಿಗೆ 2.68 ಕೆಜಿ ಇದೆ, ಸಿಲಿಂಡರ್ ಇದೆ, ವಿಮಾನ ಇದೆ. ಭತ್ತ ಎಲ್ಲಿ? ನಿಂತ ನೀರಿನ ಗದ್ದೆಯಿಂದ ಮೀಥೇನ್ ಬರುತ್ತೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2019ರ ಪರಿಷ್ಕರಣೆಯಲ್ಲಿ ದಕ್ಷಿಣ ಏಷ್ಯಾಕ್ಕೆ ಹೆಕ್ಟೇರಿಗೆ ದಿನಕ್ಕೆ 0.85 ಕೆಜಿ. 120 ದಿನದ ಬೆಳೆಗೆ 102 ಕೆಜಿ. ಮೀಥೇನ್ ಕಾವನ್ನು ಇಂಗಾಲದ ಡೈಆಕ್ಸೈಡಿನ 28 ಪಟ್ಟು ಅಂತ ಹಿಡಿದರೆ 2,856 ಕೆಜಿ. ಪಂಪ್‌ಸೆಟ್ಟಿನ 852 ಹಿಡಿದು ಇಷ್ಟು ಜಗಳ ಆಡಿದಿರಲ್ಲ! ಕಾಲುವೆ ನೀರಿನವರಿಗಂತೂ ಪಂಪ್ ಲೆಕ್ಕವೇ ಇಲ್ಲ, ಎಲ್ಲಾ ಗದ್ದೆಯದೇ.

ಮುನಿರಾಬಾದ್_ಮರ್ಜ್:
ಇದು ಒಳ್ಳೇ ಮಾತು. ಆದರೆ 0.85 ನೀರು ಸದಾ ನಿಂತ ಗದ್ದೆಗೆ. ನಡುವೆ ನೀರು ಬಸಿದು ಒಣಗಿಸಿದರೆ ಕಡಿಮೆ, ಗೊಬ್ಬರ ಹುಲ್ಲು ಹಾಕಿದರೆ ಜಾಸ್ತಿ. ಕೂರಿಗೆ ಭತ್ತಕ್ಕೂ ಬೇರೆ ಆಯ್ಕೆ ಕೊಡಬೇಕು. ಹೊಸ ಇಶ್ಯೂ ತೆರೆಯಿರಿ, ಇಲ್ಲಿ ಬೇಡ.

ಗಂಗಾವತಿ_ಗದ್ದೆ:
ನನಗೆ ಗಿಟ್‌ಹಬ್ ಖಾತೆ ಇಲ್ಲ.

ಸಿಂಧನೂರು_ಕೀಬೋರ್ಡ್:
ನಾನು ತೆರೀತೀನಿ ಅಣ್ಣಾ. ಜಾಗ ಹೆಕ್ಟೇರಿನಲ್ಲಿ ಕೇಳೋದಾ, ಎಕರೆಯಲ್ಲಾ?

ಗಂಗಾವತಿ_ಗದ್ದೆ:
ಎಕರೆ, ಗುಂಟೆ ಎರಡು ಬಾಕ್ಸ್ ಇಡಿ. ಹೆಕ್ಟೇರ್ ಅಂತ ಕೇಳಿದರೆ ನಮ್ಮೂರಲ್ಲಿ ಯಾರೂ ತುಂಬಲ್ಲ.

ಲಿಂಗಸುಗೂರು_ಲೂಪ್:
ಸೋಲಾರ್ ಸರ್, ಆ 150 ಎಎಚ್ ಬ್ಯಾಟರಿಗೆ ಎಷ್ಟು ಬಿತ್ತು?