ರೆಜಿಮೆಂಟೂ ತುಕಡಿ, ಡಿವಿಷನ್ನೂ ತುಕಡಿ?

ಗೆಳೆಯರೇ, ಎರಡನೇ ಮಹಾಯುದ್ಧದ ಕಾಲದ ಜರ್ಮನಿಯ ಫೀಲ್ಡ್ ಮಾರ್ಷಲ್ ಎರ್ವಿನ್ ರೊಮ್ಮೆಲ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಆಫ್ರಿಕಾದ ಮರಳುಗಾಡಿನ ಕತೆ ಎಲ್ಲರಿಗೂ ಗೊತ್ತು, ಅದಕ್ಕೇ ಮೊದಲಿನ ವರ್ಷಗಳಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ತೊಡಕಾಗಿರುವುದು ಒಂದೇ ಪದ, ತುಕಡಿ. ಸೈನ್ಯದಲ್ಲಿ ಪ್ಲಟೂನ್, ಕಂಪನಿ, ಬಟಾಲಿಯನ್, ರೆಜಿಮೆಂಟ್, ಡಿವಿಷನ್, ಕೋರ್ ಅಂತ ಗುಂಪಿನ ಗಾತ್ರ ಏರುತ್ತಾ ಹೋಗುತ್ತೆ, ನಮ್ಮ ಪತ್ರಿಕೆಗಳು ಮಾತ್ರ ಎಲ್ಲಕ್ಕೂ ತುಕಡಿ ಅಂತಲೇ ಬರೆಯುತ್ತವೆ.

ರೊಮ್ಮೆಲ್ ಮೇಷ್ಟ್ರ ಮಗ, ಹುಟ್ಟಿದ್ದು 1891ರಲ್ಲಿ ಹೈಡೆನ್‌ಹೈಮ್‌ನಲ್ಲಿ. 1910ರಲ್ಲಿ 124ನೇ ಕಾಲಾಳು ರೆಜಿಮೆಂಟ್ ಸೇರಿದ. 1914ರಲ್ಲಿ ಫ್ರಾನ್ಸಿನಲ್ಲಿ ಪ್ಲಟೂನ್ ನಡೆಸಿದ, ಮರುವರ್ಷ ಪರ್ವತ ಬಟಾಲಿಯನ್‌ನಲ್ಲಿ ಒಂದು ಕಂಪನಿ ಕೈಗೆ ಬಂತು. 1917ರ ಅಕ್ಟೋಬರ್‌ನಲ್ಲಿ ಇಟಲಿಯ ಸೈನ್ಯದ ಕೈಯಿಂದ ಮಾತಾಯೂರ್ ಬೆಟ್ಟ ಕಿತ್ತುಕೊಂಡಾಗ ಅವನ ಜೊತೆ ಇದ್ದದ್ದು ಕೆಲವೇ ಕಂಪನಿಗಳು, ಸೆರೆ ಸಿಕ್ಕವರು ಮಾತ್ರ ಸುಮಾರು 9,000 ಜನ! ಇಲ್ಲಿ ಸುಮ್ನೆ 'ತುಕಡಿ' ಅಂತ ಬರೆದರೆ ಆ ಸಾಹಸದ ಅಳತೆಯೇ ಓದುಗರಿಗೆ ಸಿಗುವುದಿಲ್ಲ, ಅಲ್ವಾ?

ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ ವರ್ಸೇಲ್ಸ್ ಒಪ್ಪಂದ ಜರ್ಮನ್ ಸೈನ್ಯವನ್ನು 1 ಲಕ್ಷಕ್ಕೆ ಇಳಿಸಿತು, ಬಡ್ತಿ ಸಿಗುವುದೇ ಕಷ್ಟವಾಯಿತು, 1918ರಲ್ಲಿ ಕ್ಯಾಪ್ಟನ್ ಆದವನು ಮೇಜರ್ ಆಗಿದ್ದು 1932ರಲ್ಲಿ. 1940ರಲ್ಲಿ 7ನೇ ಪಾಂಜರ್ (ಟ್ಯಾಂಕ್) ಡಿವಿಷನ್, 1941ರಲ್ಲಿ ಆಫ್ರಿಕಾ ಕೋರ್, 1942ರ ಜೂನ್‌ನಲ್ಲಿ ಲಿಬಿಯಾದ ಬಂದರು ಟೊಬ್ರುಕ್ ಅವನ ಕೈಗೆ ಬಿದ್ದ ಬೆನ್ನಿಗೇ ಫೀಲ್ಡ್ ಮಾರ್ಷಲ್. ನಮ್ಮ ಪತ್ರಿಕೆಗಳ ರೂಢಿಯಲ್ಲಿ ಬರೆದರೆ ಈ ಮನುಷ್ಯ ಮೂವತ್ತು ವರ್ಷ ಒಂದು ತುಕಡಿಯಿಂದ ಇನ್ನೊಂದು ತುಕಡಿಗೆ ಓಡಾಡಿಕೊಂಡಿದ್ದ ಅಷ್ಟೇ.

'ತುಕಡಿ' ಅಂದರೆ ನನಗೆ ಕಾಣುವುದು ಬಂದೋಬಸ್ತಿಗೆ ಬರುವ ಕೆಎಸ್‌ಆರ್‌ಪಿ ವ್ಯಾನು. ಹಾಗಾಗಿ ಅದನ್ನು ಪ್ಲಟೂನ್‌ಗೆ ಇಟ್ಟುಕೊಳ್ಳಬಹುದು ಅನ್ನಿಸುತ್ತೆ. 'ಪಡೆ', 'ದಳ' ಯಾವ ಗಾತ್ರಕ್ಕೂ ಹೊಂದುತ್ತವೆ, ಅದೇ ತೊಂದರೆ. 'ದಂಡು' ಅಂದರೆ ಇಡೀ ಸೈನ್ಯವೇ ಹೊರಟ ಹಾಗೆ. 'ಪಟಾಲಂ' ಬಟಾಲಿಯನ್ನಿಂದಲೇ ಬಂದದ್ದು ಅನ್ನುತ್ತಾರೆ, ಆದರೆ ಈಗ ರೊಮ್ಮೆಲ್ ಪಟಾಲಂ ಅಂದರೆ ಪುಂಡರ ಗುಂಪು! ಮಹಾಭಾರತದ ಗುಲ್ಮ, ವಾಹಿನಿ, ಚಮು ಗಾತ್ರದ ಲೆಕ್ಕಕ್ಕೆ ಚೆನ್ನಾಗಿವೆ, ಆದರೆ ಟ್ಯಾಂಕಿನ ಮುಂದೆ ನಿಲ್ಲುವುದಿಲ್ಲ.

ಬಟಾಲಿಯನ್, ರೆಜಿಮೆಂಟ್, ಡಿವಿಷನ್ ಹಾಗೇ ಬಿಡುವುದು ಅಂತ ತೀರ್ಮಾನಿಸಿದ್ದೇನೆ. ಉಳಿದಿರುವುದು ಕಂಪನಿ. 'ರೊಮ್ಮೆಲ್‌ನ ಕಂಪನಿ' ಅಂದರೆ ನಾಟಕ ಕಂಪನಿಯೋ ಬಟ್ಟೆ ಕಂಪನಿಯೋ ಅನ್ನಿಸುತ್ತೆ. ಸೈನ್ಯದಲ್ಲಿದ್ದವರು, ಅದರಲ್ಲೂ ಕೊಡಗಿನ ಕಡೆಯವರು ಯಾರಾದರೂ ಇದ್ದರೆ ಹೇಳಿ, ಮನೆಯಲ್ಲಿ ಕನ್ನಡದಲ್ಲಿ ಮಾತಾಡುವಾಗ ಇದಕ್ಕೆ ಏನನ್ನುತ್ತೀರಿ?