ಮೆಂಡೆಲ್ಸನ್ ಅವರ ಕನ್ಸರ್ಟೋದ ಆಚೆಗೆ ಫರ್ಡಿನಾಂಡ್ ಡಾವಿಡ್ ಯಾರು?

ಪ್ರಶ್ನೆ

ಮಾನ್ಯರೇ, ಕೆಲವು ತಿಂಗಳುಗಳಿಂದ ನಾನು ಜರ್ಮನ್ ಸಂಗೀತ ರಚನಕಾರ ಮೆಂಡೆಲ್ಸನ್ ಅವರ ಇ ಮೈನರ್ ಸ್ವರಶ್ರೇಣಿಯ ವಯೊಲಿನ್ ಕನ್ಸರ್ಟೋವನ್ನು (ಒಂದು ವಾದ್ಯ ಮುಂದಾಳಾಗಿ ವಾದ್ಯವೃಂದದೊಡನೆ ನುಡಿಸುವ ಕೃತಿ) ಬೇರೆ ಬೇರೆ ಕಲಾವಿದರ ಧ್ವನಿಮುದ್ರಣಗಳಲ್ಲಿ ಕೇಳುತ್ತಿದ್ದೇನೆ. ಅವುಗಳ ಜೊತೆಗೆ ಬರುವ ಟಿಪ್ಪಣಿಗಳಲ್ಲಿ, 1845ರ ಮಾರ್ಚ್ 13ರಂದು ಜರ್ಮನಿಯ ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ಸಭಾಂಗಣದಲ್ಲಿ ಫರ್ಡಿನಾಂಡ್ ಡಾವಿಡ್ ಎಂಬುವರು ಈ ಕೃತಿಯನ್ನು ಮೊದಲ ಬಾರಿಗೆ ನುಡಿಸಿದರು ಎಂಬ ಒಂದು ವಾಕ್ಯ ಇದ್ದೇ ಇರುತ್ತದೆ. ಅಲ್ಲಿಗೆ ಅವರ ವಿಷಯ ಮುಗಿಯುತ್ತದೆ. ಇಂತಹ ಕೃತಿಯನ್ನು ಮೊದಲು ಕೈಗೆತ್ತಿಕೊಂಡ ವಾದಕರ ಬಗ್ಗೆ ಇಷ್ಟೇ ಹೇಳಿ ಬಿಡುವುದು ನನಗೆ ಸರಿಯೆನಿಸಲಿಲ್ಲ. ಅವರು ಯಾರ ಶಿಷ್ಯರು, ಯಾರಿಗೆ ಕಲಿಸಿದರು, ಕನ್ಸರ್ಟೋದ ರಚನೆಯಲ್ಲಿ ಅವರ ಪಾಲು ನಿಜವಾಗಿ ಎಷ್ಟು ಎಂಬುದನ್ನು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1

ಡಾವಿಡ್ ಅವರು 1810ರಲ್ಲಿ ಹ್ಯಾಂಬರ್ಗ್‌ನಲ್ಲಿ ಜನಿಸಿದರು. ಅದರ ಹಿಂದಿನ ವರ್ಷ ಮೆಂಡೆಲ್ಸನ್ ಹುಟ್ಟಿದ್ದು ಅದೇ ಮನೆಯಲ್ಲಿ. ಆದರೆ ಇಬ್ಬರ ಸ್ನೇಹ ಬೆಳೆದದ್ದು ಅಲ್ಲಲ್ಲ, ಮುಂದೆ ಬರ್ಲಿನ್‌ನಲ್ಲಿ. ಅದಕ್ಕೂ ಮೊದಲು, ಇನ್ನೂ ಹದಿಮೂರರ ಹುಡುಗನಾಗಿದ್ದಾಗಲೇ ಡಾವಿಡ್ ಕಾಸೆಲ್ ನಗರಕ್ಕೆ ಹೋಗಿ ಲೂಯಿ ಶ್ಪೋರ್ ಅವರ ಬಳಿ ವಯೊಲಿನ್ನನ್ನೂ ಮೊರಿಟ್ಜ್ ಹೌಪ್ಟ್‌ಮನ್ ಅವರ ಬಳಿ ಸಂಗೀತಶಾಸ್ತ್ರವನ್ನೂ ಕಲಿತರು. ಶ್ಪೋರ್ ಅವರು ಆ ಕಾಲದ ಜರ್ಮನಿಯ ಅಗ್ರಗಣ್ಯ ವಯೊಲಿನ್ ವಾದಕರು. ಇಂದು ವಯೊಲಿನ್‌ಗೆ ಕೂಡಿಸುವ ಗದ್ದದ ಆಸರೆಯನ್ನು ಸುಮಾರು 1820ರಲ್ಲಿ ರೂಪಿಸಿದವರೂ ಅವರೇ. ಕಲಿಕೆಯ ನಂತರ ಡಾವಿಡ್ ಪಿಯಾನೋ ವಾದಕಿಯಾಗಿದ್ದ ತಂಗಿ ಲೂಯಿಸೆ ಅವರೊಡನೆ ಕಛೇರಿಗಳನ್ನು ನಡೆಸಿದರು, ಬರ್ಲಿನ್‌ನ ರಂಗಮಂದಿರವೊಂದರ ವಾದ್ಯವೃಂದದಲ್ಲಿ ದುಡಿದರು, ಬಳಿಕ 1829ರಲ್ಲಿ ಇಂದು ಎಸ್ಟೋನಿಯಾದ ಟಾರ್ಟು ಎನಿಸಿಕೊಂಡಿರುವ ಡೋರ್ಪಾಟ್‌ನಲ್ಲಿ ಒಬ್ಬ ಶ್ರೀಮಂತರ ಮನೆಯ ಖಾಸಗಿ ಕ್ವಾರ್ಟೆಟ್‌ನ (ನಾಲ್ವರು ವಾದಕರ ತಂಡದ) ಮುಖ್ಯ ವಾದಕರಾದರು. ಆ ಶ್ರೀಮಂತರ ಮಗಳನ್ನೇ ವಿವಾಹವಾದರು.

ಅವರ ಬದುಕಿನ ನಿಜವಾದ ನೆಲೆ ಲೈಪ್‌ಜಿಗ್. ಮೆಂಡೆಲ್ಸನ್ 1835ರಲ್ಲಿ ಗೆವಾಂಡ್‌ಹೌಸ್ ವಾದ್ಯವೃಂದದ ನಿರ್ದೇಶಕರಾದ ಸ್ವಲ್ಪ ಕಾಲದಲ್ಲೇ ಡಾವಿಡ್ ಅಲ್ಲಿಗೆ ಕನ್ಸರ್ಟ್‌ಮಾಸ್ಟರ್ ಆಗಿ ಬಂದರು. ಮೊದಲ ವಯೊಲಿನ್‌ಗಳ ಮುಂದಾಳಾಗಿ ಇಡೀ ತಂತಿವಾದ್ಯಗಳ ಬಿಲ್ಲು ಒಂದೇ ರೀತಿಯಲ್ಲಿ ಚಲಿಸುವಂತೆ ನೋಡಿಕೊಳ್ಳುವ ಆ ಹೊಣೆಯನ್ನು ಅವರು ಸಾಯುವವರೆಗೂ, ಅಂದರೆ ಸುಮಾರು ಮೂವತ್ತೇಳು ವರ್ಷ ಹೊತ್ತರು. ನಿರ್ದೇಶಕರು ಬದಲಾದರು, ಮೆಂಡೆಲ್ಸನ್ 1847ರಲ್ಲಿ ತೀರಿಕೊಂಡರು, ಡಾವಿಡ್ ಮಾತ್ರ ಅದೇ ಸ್ಥಾನದಲ್ಲಿ ಉಳಿದರು. ವಾದ್ಯವೃಂದವೊಂದರ ನಾದ ಇಂತಹ ದೀರ್ಘ ಸಹವಾಸದಿಂದಲೇ ರೂಪುಗೊಳ್ಳುತ್ತದೆ ಎಂದು ನಾನು ನಂಬಿದ್ದೇನೆ.

ಇನ್ನು ಕನ್ಸರ್ಟೋದ ವಿಷಯ. 1838ರ ಜುಲೈನಲ್ಲಿ ಮೆಂಡೆಲ್ಸನ್ ಅವರು ಡಾವಿಡ್‌ಗೆ ಪತ್ರ ಬರೆದು, ಬರುವ ಚಳಿಗಾಲದಲ್ಲಿ ಅವರಿಗಾಗಿ ಒಂದು ವಯೊಲಿನ್ ಕನ್ಸರ್ಟೋ ಬರೆಯಬೇಕೆಂದಿರುವುದಾಗಿಯೂ, ಇ ಮೈನರ್‌ನಲ್ಲಿರುವ ಅದರ ಆರಂಭ ತಮಗೆ ನೆಮ್ಮದಿ ಕೊಡುತ್ತಿಲ್ಲವೆಂದೂ ತಿಳಿಸಿದ್ದರು. ಕೃತಿ ಮುಗಿಯಲು ಆರು ವರ್ಷ ಹಿಡಿಯಿತು. ಯಾವ ಸ್ವರಗುಚ್ಛ ಕೈಗೆ ಒದಗುತ್ತದೆ, ಯಾವುದು ಒದಗುವುದಿಲ್ಲ ಎಂಬುದನ್ನು ಮೆಂಡೆಲ್ಸನ್ ಅವರು ಕೊನೆಯವರೆಗೂ ಡಾವಿಡ್ ಅವರನ್ನು ಕೇಳುತ್ತಲೇ ಇದ್ದರು. ಮೊದಲ ಭಾಗದಲ್ಲಿ ವಯೊಲಿನ್ ಒಂಟಿಯಾಗಿ ನುಡಿಯುವ ಕೆಡೆನ್ಜಾವನ್ನು ಗಮನಿಸಿ. ಅಂದಿನ ರೂಢಿಯಂತೆ ಅದು ಭಾಗದ ಕೊನೆಯಲ್ಲಿ ಬರಬೇಕಾಗಿತ್ತು, ಅದನ್ನು ಹೆಣೆಯುವ ಸ್ವಾತಂತ್ರ್ಯ ವಾದಕನಿಗಿತ್ತು. ಮೆಂಡೆಲ್ಸನ್ ಅದನ್ನು ತಾವೇ ಸ್ವರಸ್ವರವಾಗಿ ಬರೆದು, ಮೂಲ ರಾಗಭಾವ ಮರಳಿ ಬರುವುದಕ್ಕೆ ಮೊದಲೇ ಇಟ್ಟರು. ಬಿಲ್ಲು ನಾಲ್ಕೂ ತಂತಿಗಳ ಮೇಲೆ ಪುಟಿಯುತ್ತ ಸಾಗುತ್ತಿರುವಾಗಲೇ ವಾದ್ಯವೃಂದ ಮೆಲ್ಲಗೆ ಮೊದಲ ಸ್ವರಮಾಲೆಯನ್ನು ಎತ್ತಿಕೊಳ್ಳುತ್ತದೆ. ಅಲ್ಲಿಯವರೆಗೆ ನಾಯಕನಾಗಿದ್ದ ವಯೊಲಿನ್ ಆಗ ಹಿನ್ನೆಲೆಗೆ ಸರಿಯುತ್ತದೆ. ಈ ಜಾಗವನ್ನು ಎಷ್ಟು ಬಾರಿ ಕೇಳಿದರೂ ನನಗೆ ದಣಿವಾಗಿಲ್ಲ. ಮೊದಲ ಪ್ರದರ್ಶನದ ದಿನ ಮೆಂಡೆಲ್ಸನ್ ಅಸ್ವಸ್ಥರಾಗಿದ್ದುದರಿಂದ ವಾದ್ಯವೃಂದವನ್ನು ನೀಲ್ಸ್ ಗಾಡೆ ಅವರು ನಡೆಸಿದರು.

ಉತ್ತರ 2

ಮೇಲಿನ ವಿವರಣೆ ಸೊಗಸಾಗಿದೆ. ಆದರೆ ವಯೊಲಿನ್ ಕಲಿಸುವವಳಾಗಿ ನನಗೆ ಡಾವಿಡ್ ಅವರ ಪರಿಚಯವಾದದ್ದು ಕನ್ಸರ್ಟೋದ ಮೂಲಕವಲ್ಲ, ಅವರು ಸಂಪಾದಿಸಿದ ಸ್ವರಪುಸ್ತಕಗಳ ಮೂಲಕ, ಮತ್ತು ಆ ವಿಷಯದಲ್ಲಿ ನನಗೆ ಮೆಚ್ಚುಗೆಯೂ ಇದೆ, ತಕರಾರೂ ಇದೆ.

ಲೈಪ್‌ಜಿಗ್ ಸಂಗೀತ ವಿದ್ಯಾಲಯ 1843ರಲ್ಲಿ ಆರಂಭವಾದಾಗ ವಯೊಲಿನ್ ವಿಭಾಗದ ಹೊಣೆ ಡಾವಿಡ್ ಅವರದಾಯಿತು. ಅದೇ ವರ್ಷ ಅವರು ಬಾಖ್ ಅವರ ಒಂಟಿ ವಯೊಲಿನ್ ಕೃತಿಗಳನ್ನು ಆ ವಿದ್ಯಾರ್ಥಿಗಳಿಗೆಂದೇ ಪ್ರಕಟಿಸಿದರು. ಒಂದು ಸಾಲಿನಲ್ಲಿ ತಮ್ಮ ಬೆರಳುಗಳ ಸಂಖ್ಯೆ ಮತ್ತು ಬಿಲ್ಲಿನ ಗುರುತುಗಳಿರುವ ಪಾಠವನ್ನು, ಅದರೊಡನೆಯೇ ಇನ್ನೊಂದು ಸಾಲಿನಲ್ಲಿ ತಾವು ಮೂಲವೆಂದು ತಿಳಿದ ಪಾಠವನ್ನು ಮುದ್ರಿಸಿದರು. ಒಪ್ಪದ ವಿದ್ಯಾರ್ಥಿ ಮೂಲವನ್ನು ನೋಡಿ ತನ್ನದೇ ದಾರಿ ಹಿಡಿಯಬಹುದಿತ್ತು. ಸಂಪಾದಕರ ಕೈವಾಡವೆಲ್ಲಿ, ಕರ್ತೃವಿನ ಬರಹವೆಲ್ಲಿ ಎಂಬ ಗೆರೆಯನ್ನು ಆ ಕಾಲದಲ್ಲಿ ಇಷ್ಟು ಪ್ರಾಮಾಣಿಕವಾಗಿ ಎಳೆದವರು ವಿರಳ.

ತಕರಾರಿರುವುದು ಮುಂದಿನದರ ಬಗ್ಗೆ. 1867ರ ಸುಮಾರಿಗೆ ಹಳೆಯ ಕರ್ತೃಗಳ ಕೃತಿಗಳನ್ನು ಸಂಗ್ರಹಿಸಿ ಹೊರತಂದಾಗ ಅವರು ಆ ಎಚ್ಚರವನ್ನು ಸಡಿಲಿಸಿದರು. ಇಟಲಿಯ ಕರ್ತೃ ವಿಟಾಲಿಯದೆಂದು ಇಂದಿಗೂ ನುಡಿಸುವ ಚಕೋನ್ (ಮತ್ತೆ ಮತ್ತೆ ಮರಳುವ ಒಂದೇ ಸ್ವರಕ್ರಮದ ಮೇಲೆ ಹೆಣೆದ ಕೃತಿ) ಜಗತ್ತಿಗೆ ಪರಿಚಯವಾದದ್ದು ಈ ಸಂಗ್ರಹದಿಂದ. ಡ್ರೆಸ್ಡೆನ್‌ನಲ್ಲಿರುವ ಹಸ್ತಪ್ರತಿಯೊಡನೆ ಹೋಲಿಸಿದರೆ ಡಾವಿಡ್ ಅವರು ಅದನ್ನು ಎಷ್ಟೊಂದು ಬದಲಿಸಿದ್ದಾರೆ ಎಂಬುದು ತಿಳಿಯುತ್ತದೆ. ಕೃತಿ ವಿಟಾಲಿಯದೇ ಎಂಬುದನ್ನೂ ಅನೇಕ ವಿದ್ವಾಂಸರು ಒಪ್ಪುವುದಿಲ್ಲ. ಮಕ್ಕಳಿಗೆ ಇದನ್ನು ಹೇಳಿಕೊಡುವಾಗಲೆಲ್ಲ, ಇದು ಹದಿನೆಂಟನೆಯ ಶತಮಾನದ ಆರಂಭದ ಇಟಲಿಯ ದನಿಯಲ್ಲ, ಬಹುಮಟ್ಟಿಗೆ 1860ರ ದಶಕದ ಲೈಪ್‌ಜಿಗ್‌ನ ದನಿ ಎಂದು ಮೊದಲೇ ಹೇಳಿಬಿಡುತ್ತೇನೆ. ಚೆಲುವಾದ ಕೃತಿ ಎಂಬುದರಲ್ಲಿ ಅನುಮಾನವಿಲ್ಲ.

ಪ್ರಶ್ನಿಸಿದವರ ಮರುನುಡಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೆಡೆನ್ಜಾವನ್ನು ಈಗಷ್ಟೇ ಮತ್ತೆ ಕೇಳಿದೆ. ವಯೊಲಿನ್ ಹಿಂದೆ ಸರಿಯುವ ಆ ಕ್ಷಣವನ್ನು ನಾನು ಇಷ್ಟು ದಿನ ಗಮನಿಸಿರಲೇ ಇಲ್ಲ. ಅವರ ಶಿಷ್ಯರ ಬಗ್ಗೆ ಇನ್ನಷ್ಟು ತಿಳಿಸಬಹುದೇ? ಹೆಸರಾಂತ ವಯೊಲಿನ್ ವಾದಕ ಯೋಸೆಫ್ ಯೋಆಖಿಮ್ ಅವರೂ ಡಾವಿಡ್ ಶಿಷ್ಯರೆಂದು ಎಲ್ಲೋ ಓದಿದ ನೆನಪು.

ಉತ್ತರ 3

ಹೌದು, ಆದರೆ ಶಿಷ್ಯ ಎಂಬ ಮಾತನ್ನು ಇಲ್ಲಿ ಸ್ವಲ್ಪ ಎಚ್ಚರದಿಂದ ಬಳಸಬೇಕು. ಯೋಆಖಿಮ್ 1843ರಲ್ಲಿ ಲೈಪ್‌ಜಿಗ್‌ಗೆ ಬಂದಾಗ ಹನ್ನೆರಡು ವರ್ಷದ ಬಾಲಕ. ವಿಯೆನ್ನಾದಲ್ಲಿ ಯೋಸೆಫ್ ಬ್ಯೋಮ್ ಅವರ ಬಳಿ ಬಿಲ್ಲಿನ ಕೆಲಸವನ್ನೆಲ್ಲ ಆಗಲೇ ಕಲಿತಿದ್ದ. ಆತನಿಗೆ ವಿದ್ಯಾಲಯದ ತರಗತಿಗಳ ಅಗತ್ಯವಿಲ್ಲವೆಂದು ಮೆಂಡೆಲ್ಸನ್ ತೀರ್ಮಾನಿಸಿದರು. ಡಾವಿಡ್ ಆತನೊಡನೆ ದೊಡ್ಡ ಕೃತಿಗಳನ್ನು ಅಭ್ಯಾಸ ಮಾಡಿಸಿದರು. ಶಾಸ್ತ್ರವನ್ನು ಕಲಿಸಿದವರು, ಕಾಸೆಲ್‌ನಲ್ಲಿ ಡಾವಿಡ್ ಅವರಿಗೇ ಕಲಿಸಿ ಈಗ ಲೈಪ್‌ಜಿಗ್‌ನಲ್ಲಿ ನೆಲೆಸಿದ್ದ ಅದೇ ಹೌಪ್ಟ್‌ಮನ್. 1840ರಲ್ಲಿ ಬಾಖ್ ಅವರ ಚಕೋನ್‌ ಅನ್ನು ಡಾವಿಡ್ ಅವರು ಗೆವಾಂಡ್‌ಹೌಸ್‌ನಲ್ಲಿ ನುಡಿಸಿದಾಗ ಮೆಂಡೆಲ್ಸನ್ ಪಿಯಾನೋ ಸಾಥ್ ಕೊಟ್ಟಿದ್ದರು. ಅದೇ ಕೃತಿಯನ್ನು ಯಾವ ಸಾಥಿಯೂ ಇಲ್ಲದೆ, ಬರೆದಿರುವಂತೆಯೇ ವೇದಿಕೆಯಲ್ಲಿ ನೆಲೆಗೊಳಿಸಿದವರಲ್ಲಿ ಯೋಆಖಿಮ್ ಮುಖ್ಯರು. ಆ ಹುಡುಗ ಲೈಪ್‌ಜಿಗ್‌ನಲ್ಲಿ ಪಡೆದದ್ದೇನು, ಅದನ್ನು ಎಲ್ಲಿಗೆ ಕೊಂಡೊಯ್ದ ಎಂಬುದು ಇದರಲ್ಲಿ ಕಾಣುತ್ತದೆ.

ಪೂರ್ಣ ಅರ್ಥದಲ್ಲಿ ಶಿಷ್ಯರೆಂದರೆ ಆಗುಸ್ಟ್ ವಿಲ್ಹೆಲ್ಮಿ. 1861ರಿಂದ ಡಾವಿಡ್ ಅವರ ಬಳಿ ಕಲಿತ ಅವರು 1876ರಲ್ಲಿ ಜರ್ಮನಿಯ ಬೈರಾಯ್ಟ್‌ನ ಮೊದಲ ಒಪೆರಾ (ಸಂಗೀತ ನಾಟಕ) ಉತ್ಸವದಲ್ಲಿ ಕರ್ತೃ ವಾಗ್ನರ್ ಅವರ ವಾದ್ಯವೃಂದಕ್ಕೆ ಕನ್ಸರ್ಟ್‌ಮಾಸ್ಟರ್ ಆದರು.

ಕರ್ತೃವಾಗಿ ಡಾವಿಡ್ ಅವರು ತಮ್ಮ ವಾದ್ಯಕ್ಕೆ ಐದು ಕನ್ಸರ್ಟೋಗಳನ್ನು ಬರೆದರೂ ಇಂದು ಹೆಚ್ಚಾಗಿ ಕೇಳಿಸುವುದು ಹಿತ್ತಾಳೆಯ ಊದುವಾದ್ಯವಾದ ಟ್ರೊಂಬೋನ್‌ಗಾಗಿ 1837ರಲ್ಲಿ ಬರೆದ ಕನ್ಸರ್ಟಿನೋ (ಕಿರು ಕನ್ಸರ್ಟೋ) ಮಾತ್ರ. ವಾದ್ಯವೃಂದಗಳ ಆಯ್ಕೆ ಪರೀಕ್ಷೆಗಳಲ್ಲಿ ಟ್ರೊಂಬೋನ್ ವಾದಕರು ಅದನ್ನು ಇಂದಿಗೂ ನುಡಿಸಬೇಕಾಗುತ್ತದೆ. ಜರ್ಮನ್ ಕರ್ತೃ ಶೂಮನ್ ಅವರು 1851ರಲ್ಲಿ ಬರೆದ ಎರಡನೆಯ ವಯೊಲಿನ್ ಸೊನಾಟಾವನ್ನು (ವಯೊಲಿನ್ ಮತ್ತು ಪಿಯಾನೋಗಳ ಕೃತಿ) ಡಾವಿಡ್ ಅವರಿಗೇ ಅರ್ಪಿಸಿದ್ದಾರೆ. ಅದನ್ನೂ ತಾವು ಕೇಳಬೇಕು.

ಡಾವಿಡ್ 1873ರ ಜುಲೈನಲ್ಲಿ ಸ್ವಿಟ್ಜರ್ಲೆಂಡ್‌ನ ಕ್ಲೋಸ್ಟರ್ಸ್‌ನಲ್ಲಿ, ಮಕ್ಕಳೊಡನೆ ಬೆಟ್ಟ ಹತ್ತಲು ಹೋಗಿದ್ದಾಗ ನಿಧನರಾದರು. ಅವರ ಕೈಯಲ್ಲಿದ್ದ ಇಟಲಿಯ ಹೆಸರಾಂತ ವಯೊಲಿನ್ ತಯಾರಕ ಗ್ವಾರ್ನೇರಿ ದೆಲ್ ಜೆಸು ಮಾಡಿದ ವಯೊಲಿನ್ ಮುಂದೆ ಇಪ್ಪತ್ತನೆಯ ಶತಮಾನದ ವಾದಕ ಯಾಶಾ ಹೈಫೆಟ್ಸ್ ಅವರ ಪಾಲಾಯಿತು. ಹೈಫೆಟ್ಸ್ ಅವರ ಉಯಿಲಿನಂತೆ ಅದು ಈಗ ಸ್ಯಾನ್ ಫ್ರಾನ್ಸಿಸ್ಕೋದ ಕಲಾ ಸಂಗ್ರಹಾಲಯಕ್ಕೆ ಸೇರಿದೆ, ಡಾವಿಡ್ ಎಂಬ ಹೆಸರೂ ಆ ವಾದ್ಯಕ್ಕೆ ಅಂಟಿಕೊಂಡೇ ಇದೆ.